ಗಾಡಿ ತೊಳೀತಾನ ಅನ್ನಾಕ ಯಾಕ ನಾಚಿಕಿ?

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನನ್ನ ಅಣ್ಣನ ಮಗನಿಗೆ ಕನ್ಯಾ ನೋಡಲು ವಿಜಯಪುರ ಜಿಲ್ಲೆಯ ನಮ್ಮೂರು ಜೈನಾಪುರದಿಂದ ಒಂದು ಕ್ರೂಸರ್ ತುಂಬ ಜನ ಹೊರಟಿದ್ದೆವು. ಊರು ದಾಟಿ ಗಾಡಿ ಡಾಂಬರು ರಸ್ತೆ ಹತ್ತುತ್ತಿದ್ದಂತೆ ಮುಂದಿನ ಸೀಟಿನಲ್ಲಿದ್ದ ಹಿರಿಯರು ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಹುಡುಗ ಏನ ಮಾಡ್ತಾನ ಅಂತ ಕೇಳಿದ್ರ ಕಾರಿನ ಬಿಸಿನೆಸ್ ಐತಿ ಅನ್ರಿ. ಗಾಡಿ ತೊಳೀತಾನ ಅಂತ ಯಾರೂ ಬಾಯಿ ಬಿಡಬ್ಯಾಡ್ರಿ." ಹುಡುಗ ಅದೇ ಗಾಡಿಯ ಕೊನೆಯ ಸೀಟಿನಲ್ಲಿ ಕೂತಿದ್ದ. ಅವನ ತಾಯಿ ಸೆರಗು ಸರಿ ಮಾಡಿಕೊಂಡು ತಲೆ ತಗ್ಗಿಸಿದರು. ಯಾರೂ ಎದುರು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಕಿಟಕಿಯಾಚೆ ಕಬ್ಬು ನೋಡುತ್ತ ಕೂತೆ. ಆ ದಿನ ಆಡದೇ ಹೋದ ಮಾತು ಇಷ್ಟು ದಿನ ಗಂಟಲಲ್ಲಿ ಚುಚ್ಚುತ್ತಲೇ ಇದೆ.

ಆ ಹುಡುಗ ಏಳು ವರ್ಷದಿಂದ ಈ ಕೆಲಸದಲ್ಲಿದ್ದಾನೆ. ವಿಜಯಪುರದ ಒಂದು ವಾಟರ್ ಸರ್ವಿಸಿಂಗ್‌ನಲ್ಲಿ ಪೈಪು ಹಿಡಿದು ಶುರು ಮಾಡಿದ. ಆಮೇಲೆ ಪುಣೆಗೆ ಹೋಗಿ ಎರಡು ವರ್ಷ ಒಬ್ಬರ ಕೈಕೆಳಗೆ ಡಿಟೇಲಿಂಗ್, ಅಂದರೆ ಗಾಡಿಯ ಮೈಯನ್ನು ಸೂಕ್ಷ್ಮವಾಗಿ ತೊಳೆದು ಹೊಳಪಿಸಿ ಕಾಯುವ ಕಸುಬು, ಕಲಿತ. ಈಗ ತಾನೇ ಒಂದು ಸಣ್ಣ ಶೆಡ್ಡು ಹಾಕಿಕೊಂಡು ಇಬ್ಬರು ಹುಡುಗರಿಗೆ ಪಗಾರ ಕೊಡುತ್ತಾನೆ. ಕಳ್ಳತನ ಮಾಡುತ್ತಿಲ್ಲ, ಬಡ್ಡಿ ವ್ಯವಹಾರ ಮಾಡುತ್ತಿಲ್ಲ, ಕುಡಿಯುವುದಿಲ್ಲ. ಆದರೂ ಅವನ ಉದ್ಯೋಗದ ಹೆಸರನ್ನು ಅವನದೇ ಮನೆಯವರು ಬಚ್ಚಿಡಬೇಕಂತೆ. ಯಾಕೆ? "ತೊಳಿಯಾಕ ಏನ ಕಲಿಯೂದೈತಿ? ಪೈಪ ಹಿಡದ್ರ ಯಾರ ಬೇಕಾದ್ರೂ ತೊಳೀತಾರ" ಎಂಬ ಒಂದು ನಂಬಿಕೆ ನಮ್ಮ ಊರಿನ ಕಟ್ಟೆಯಿಂದ ಹಿಡಿದು ಬ್ಯಾಂಕಿನ ಮ್ಯಾನೇಜರ ಮೇಜಿನವರೆಗೆ ಅಲ್ಲಾಡದೆ ಕೂತಿರುವುದರಿಂದ. ಶಾಲೆಯಲ್ಲಿ ಮಾಸ್ತರರು ಮಕ್ಕಳನ್ನು ಹೆದರಿಸುವುದೂ ಇದರಿಂದಲೇ: "ಓದಲಿಲ್ಲಂದ್ರ ಗಾಡಿ ತೊಳಕೋತ ಕುಂಡ್ರತಿ ನೋಡ." ಎದುರಿನ ಬೆಂಚಿನಲ್ಲಿ ಗಾಡಿ ತೊಳೆಯುವವನ ಮಗನೇ ಕೂತಿರಬಹುದು ಎಂದು ಆ ಮಾಸ್ತರರಿಗೆ ಒಮ್ಮೆಯೂ ಹೊಳೆದಿಲ್ಲವೇ?

ಈ ನಂಬಿಕೆ ಸುಳ್ಳು. ಅದು ನಮ್ಮ ಗಾಡಿಗಳನ್ನು ಹಾಳು ಮಾಡಿದೆ, ನೀರನ್ನು ಪೋಲು ಮಾಡಿದೆ, ಹುಡುಗರ ಕೈಗಳನ್ನು ಸುಟ್ಟಿದೆ. ಇಷ್ಟೆಲ್ಲ ಕೆಡಿಸಿದ ಮಾತನ್ನು ಯಾರೂ ಪ್ರಶ್ನಿಸುತ್ತಿಲ್ಲ.

ಮೊದಲು ನಮ್ಮ ಭಾಷೆಯನ್ನೇ ನೋಡೋಣ. ಲಾರಿಯಲ್ಲಿ ಡ್ರೈವರನ ಪಕ್ಕ ಕೂರುವ ಹುಡುಗನಿಗೆ ನಾವು ಕ್ಲೀನರ್ ಎನ್ನುತ್ತೇವೆ. ಹೆಸರು ಸ್ವಚ್ಛ ಮಾಡುವವನದು, ಕೆಲಸ ಮಾತ್ರ ಎಲ್ಲರ ಬೈಗುಳ ತಿನ್ನುವುದು. ಟಯರಿಗೆ ಕಲ್ಲು ಕೊಡಬೇಕು, ರಾತ್ರಿ ಗಾಡಿ ಕಾಯಬೇಕು, ಚಹಾ ತರಬೇಕು, ನಡುವೆ ಗಾಜು ಒರೆಸಬೇಕು. ಅವನ ಕನಸು ಒಂದೇ, ಎಂದಾದರೊಂದು ದಿನ ಸ್ಟೇರಿಂಗ್ ಹಿಡಿಯುವುದು. ತೊಳೆಯುವುದು ಒರೆಸುವುದು ಎಂದರೆ ಬೇರೆ ಏನಾದರೂ ಆಗುವವರೆಗೆ ಸಹಿಸಬೇಕಾದ ಶಿಕ್ಷೆ ಎಂದು ನಾವು ಮೂರು ತಲೆಮಾರಿನ ಹುಡುಗರಿಗೆ ಕಲಿಸಿದ್ದೇವೆ. ಹಾಗೆ ಕಲಿತ ಹುಡುಗ ತೊಳೆಯುವ ಕೆಲಸವನ್ನು ಮನಸ್ಸಿಟ್ಟು ಯಾಕೆ ಮಾಡುತ್ತಾನೆ? ಅದರಿಂದ ಎಷ್ಟು ಬೇಗ ಪಾರಾಗಲಿ ಎಂದೇ ನೋಡುತ್ತಾನೆ. ಆಮೇಲೆ ನಾವೇ ಹೇಳುತ್ತೇವೆ, ಈ ಹುಡುಗರಿಗೆ ಕೆಲಸದ ಮೇಲೆ ಲಕ್ಷ್ಯವಿಲ್ಲ ಎಂದು.

ಆದರೆ ಇದೇ ಜೈನಾಪುರದಲ್ಲಿ ಎತ್ತು ತೊಳೆಯುವುದನ್ನು ಯಾರಾದರೂ ಕೀಳು ಎಂದಿದ್ದರೇ? ನನ್ನ ಅಪ್ಪ ಕಾರಹುಣ್ಣಿವೆಯ ಮುಂಜಾನೆ ಜೋಡೆತ್ತನ್ನು ನೀರಿಗೆ ಇಳಿಸುತ್ತಿದ್ದರು. ಆ ಕೆಲಸವನ್ನು ಆಳಿಗೆ ಬಿಟ್ಟವರಲ್ಲ. ಬೆನ್ನಿನಿಂದ ಶುರು ಮಾಡಿ ಕೆಳಕ್ಕೆ ಬರುವರು, ಹೊಟ್ಟೆಯ ಅಡಿ, ಕಾಲ ಸಂದು, ಗೊರಸಿನ ನಡುವೆ, ಕಿವಿಯ ಹಿಂದೆ. ಕೂದಲು ಮಲಗಿದ ದಿಕ್ಕಿಗೇ ಉಜ್ಜಬೇಕು. ಹೆಗಲ ಮೇಲೆ ನೊಗ ತಿಕ್ಕಿದ ಜಾಗಕ್ಕೆ ಅಂಗೈ ಮಾತ್ರ, ತೆಂಗಿನ ನಾರು ತಾಗಿಸುವಂತಿಲ್ಲ. ಉಣ್ಣಿ ಕಂಡದ್ದು, ಗೊರಸಿನಲ್ಲಿ ಮುಳ್ಳು ಮುರಿದದ್ದು, ಹೆಗಲು ಬಾತದ್ದು, ಎಲ್ಲ ಆಗಲೇ ಗೊತ್ತಾಗುತ್ತಿತ್ತು. "ತೊಳಿಯೂ ಕೈಗೆ ಎತ್ತಿನ ಬ್ಯಾನಿ ಮೊದಲ ತಿಳೀತೈತಿ" ಎನ್ನುತ್ತಿದ್ದರು. ಎತ್ತು ಹೋಗಿ ಅಂಗಳಕ್ಕೆ ಗಾಡಿ ಬಂತು. ಎತ್ತಿನ ಮೈ ತೊಳೆಯುವವನು ಒಕ್ಕಲುತನ ಬಲ್ಲವನಾಗಿದ್ದ. ಗಾಡಿಯ ಮೈ ತೊಳೆಯುವವನು ಏನೂ ಬಾರದವನಾದ. ಈ ಎಣಿಕೆ ಎಲ್ಲಿಂದ ಬಂತು?

ಗಾಡಿಯ ಮೈ ಎಂದರೆ ಏನೆಂದು ತಿಳಿಯದವರೇ ಹೀಗೆ ಮಾತಾಡುತ್ತಾರೆ. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಒಂದು ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಇಷ್ಟೂ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಸುಮಾರು 40–50 ಮೈಕ್ರಾನ್ ಮಾತ್ರ. ತಲೆಗೂದಲು ಅದಕ್ಕಿಂತ ದಪ್ಪ ಇರುತ್ತದೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ, ಹೊಳಪು ಕೊಡುವುದೂ ಆ ಕೂದಲಿಗಿಂತ ತೆಳುವಾದ ಪದರವೇ. ಏಳೆಂಟು ಲಕ್ಷ ಸಾಲ ಮಾಡಿ ಕೊಂಡ ಗಾಡಿಯ ಆ ಪದರವನ್ನು ನಾವು ಯಾರ ಕೈಗೆ ಕೊಡುತ್ತೇವೆ? ಯಾರು ಕಡಿಮೆ ತಗೊಳ್ಳುತ್ತಾರೋ ಅವರ ಕೈಗೆ.

ನಮ್ಮ ಸೀಮೆಯ ಧೂಳು ಅಂತಿಂಥ ಧೂಳಲ್ಲ. ಎರೆಮಣ್ಣು ಒದ್ದೆಯಾದರೆ ಅಂಟಿನಂತೆ ಹಿಡಿಯುತ್ತದೆ, ಒಣಗಿದರೆ ಪುಡಿಯಾಗಿ ಸಂದುಗೊಂದಿಗೆಲ್ಲ ಇಳಿಯುತ್ತದೆ. ಅದರೊಳಗೆ ಕರಿಕಲ್ಲಿನ ಸಣ್ಣ ಹರಳುಗಳಿವೆ, ರಸ್ತೆ ಕೆಲಸದ ಮತ್ತು ಕ್ರಷರಿನ ಪುಡಿ ಬೇರೆ ಸೇರಿರುತ್ತದೆ. ಇವು ಕ್ಲಿಯರ್ ಕೋಟ್‌ಗಿಂತ ಗಟ್ಟಿ. ಮುಂಜಾನೆ ಎದ್ದು ಗಾಡಿಯ ಮೇಲಿನ ಈ ಧೂಳನ್ನು ಒಣ ಅರಿವೆಯಿಂದ ಗರಗರ ಒರೆಸುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಅದು ಒರೆಸುವುದಲ್ಲ, ಉಸುಕು ಕಾಗದ ಹಚ್ಚಿ ತಿಕ್ಕುವುದು. ಸಂಶಯವಿದ್ದರೆ ಒಂದು ಕಪ್ಪು ಬಣ್ಣದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ, ಸೂರ್ಯನ ಬಿಂಬ ಬಾನೆಟ್ ಮೇಲೆ ಬೀಳುವ ಜಾಗವನ್ನು ನೋಡಿ. ಬಿಂಬದ ಸುತ್ತ ಜೇಡರ ಬಲೆಯಂತೆ ಸಾವಿರ ಗೀರುಗಳು ಸುತ್ತಿಕೊಂಡಿರುತ್ತವೆ. ಒಂದೊಂದು ಗೀರೂ ಒಂದೊಂದು ದಿನದ ಅರಿವೆಯ ಗುರುತು.

ಬಲ್ಲವನು ಹೇಗೆ ತೊಳೆಯುತ್ತಾನೆಂದು ನಿಂತು ನೋಡಿದ್ದೇನೆ. ಮೊದಲು ಗಾಡಿಯನ್ನು ಮುಟ್ಟುವುದೇ ಇಲ್ಲ. ನೆರಳಿಗೆ ನಿಲ್ಲಿಸಿ ಬಾನೆಟ್ ತಣ್ಣಗಾಗಲು ಬಿಡುತ್ತಾನೆ. ನೀರು ಹೊಡೆದು ಸಡಿಲ ಮಣ್ಣು ಇಳಿಸಿ, ನೊರೆ ಹಾಕಿ, ಅಂಟಿದ್ದು ನೆನೆಯಲು ಕಾಯುತ್ತಾನೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು, ಎರಡರ ತಳಕ್ಕೂ ಜಾಲರಿ. ಮೇಲಿನ ಛತ್ತಿನಿಂದ ಕೆಳಕ್ಕೆ ಒಂದೊಂದು ಭಾಗ ಉಜ್ಜಿದ ಮೇಲೂ ಕೈಗವಸನ್ನು ಬರೀ ನೀರಿನಲ್ಲಿ ಅದ್ದಿ ತೊಳೆದು, ಆ ಮೇಲೆಯೇ ಶಾಂಪೂಗೆ ಅದ್ದುತ್ತಾನೆ. ಉಸುಕು ಜಾಲರಿಯ ಕೆಳಗೆ ಉಳಿಯುತ್ತದೆ, ಗಾಡಿಯ ಮೇಲೆ ಮರಳಿ ಬರುವುದಿಲ್ಲ. ಚಕ್ರ ತಿಕ್ಕಿದ ಬ್ರಶ್ಶು ಮೈಗೆ ತಾಗುವಂತಿಲ್ಲ. ನೆಲಕ್ಕೆ ಬಿದ್ದ ಬಟ್ಟೆ ಆ ದಿನ ಮತ್ತೆ ಗಾಡಿ ಮುಟ್ಟುವಂತಿಲ್ಲ. ಒಣಗಿಸುವಾಗ ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ, ನೀರು ಹೀರಲು ಬಿಟ್ಟು, ಎತ್ತುತ್ತಾನೆ. ನಮ್ಮ ಮಡಿಗಿಂತ ಕಟ್ಟುನಿಟ್ಟಾದ ಮಡಿ ಅದು. ಒಂದೊಂದಕ್ಕೂ ಕಾರಣ ಹೇಳಬಲ್ಲ ಮಡಿ.

ತೊಳೆದ ಮೇಲೆ ಅವನು ಒಂದು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಬಣ್ಣದ ಮೇಲೆ ಮೆಲ್ಲಗೆ ಸವರುತ್ತಾನೆ. ಬರಿಗೈಗೆ ನುಣುಪಾಗಿ ತೋರಿದ ಬಾನೆಟ್ಟು ಚೀಲದೊಳಗಿನ ಬೆರಳಿಗೆ ರವೆ ಚೆಲ್ಲಿದಂತೆ ತರಿತರಿ ಹತ್ತುತ್ತದೆ. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಕಣಗಳು ಅವು. ಅದಕ್ಕೊಂದು ದ್ರಾವಣ ಸಿಂಪಡಿಸಿದರೆ ಕಬ್ಬಿಣವಿದ್ದಲ್ಲಿ ನೇರಳೆ ಬಣ್ಣ ಹರಿದು ಬರುತ್ತದೆ. ಉಳಿದದ್ದಕ್ಕೆ ಅಂಟಿದ ಕಣಗಳನ್ನು ಎಳೆದು ತೆಗೆಯುವ, ಜೇಡಿಮಣ್ಣಿನ ಉಂಡೆಯಂಥ ಕ್ಲೇ ಬಾರ್, ಅದೂ ಜಾರುವಂತೆ ನೀರು ಹಚ್ಚಿ. ಇಷ್ಟಾದ ಮೇಲೆ ಪಾಲಿಶ್ ಬೇಕೋ ಬೇಡವೋ ಎಂಬ ಮಾತು. ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವನ್ನು ಒಂದೊಂದು ಭಾಗಕ್ಕೂ ಇಟ್ಟು ಅಂಕಿ ಬರೆದುಕೊಳ್ಳುತ್ತಾನೆ. ಅಂಕಿ ಕಡಿಮೆ ಬಂದಲ್ಲಿ ಮಶಿನ್ ಮುಟ್ಟಿಸುವುದಿಲ್ಲ. ಪಾಲಿಶ್ ಎಂದರೆ ಕ್ಲಿಯರ್ ಕೋಟ್ ಸವೆಸುವುದು. ಗೀರು ಹೋಗುವುದು ಅದು ತುಂಬಿದ್ದರಿಂದಲ್ಲ, ಅದರ ಸುತ್ತಲಿನ ಪದರ ಅದರ ಮಟ್ಟಕ್ಕೆ ಇಳಿದದ್ದರಿಂದ. ಹಬ್ಬ ಹಬ್ಬಕ್ಕೆ "ರಬ್ಬಿಂಗ್ ಮಾಡಿಸಿದ್ನಿ, ಹೊಸ ಗಾಡಿ ಕಂಡಂಗ ಕಾಣತೈತಿ" ಎಂದು ಸಂಭ್ರಮಿಸುವವರಿಗೆ ತಮ್ಮ ಗಾಡಿಯ ಚರ್ಮವನ್ನೇ ಹಬ್ಬ ಹಬ್ಬಕ್ಕೆ ಸುಲಿಸುತ್ತಿದ್ದೇವೆಂದು ಯಾರೂ ಹೇಳಿಲ್ಲ. ಹೇಳಬೇಕಾದವನಿಗೆ ನಾವು ಕಲಿಸಿಲ್ಲ.

ಒಮ್ಮೆ ನಮ್ಮೂರ ಕಡೆಯ ರೈತರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುಂಚೆ ಬರೀ ತೊಳೆಸಲೆಂದು ನಮ್ಮ ಹುಡುಗನ ಶೆಡ್ಡಿಗೆ ತಂದರು. ಅಪಘಾತವಾಗಿಲ್ಲ ಎಂದು ಮಾರುವವನ ಆಣೆ. ಹುಡುಗ ಯಂತ್ರ ಇಟ್ಟ. ಎಲ್ಲ ಕಡೆ ನೂರಿಪ್ಪತ್ತರ ಆಸುಪಾಸು, ಎಡಗಡೆ ಹಿಂಬಾಗಿಲಿಗೆ ಇಟ್ಟಾಗ ನಾನೂರು ದಾಟಿತು. "ಕಾಕಾ, ಇಲ್ಲಿ ಪುಟ್ಟಿ ತುಂಬ್ಯಾರ. ಬಾಗಲಾ ಜಜ್ಜಿ ಹೋಗಿತ್ತು" ಎಂದ. ಅವರು ಗಾಡಿ ತಿರುಗಿಸಿ ಕೊಟ್ಟು ಬಂದರು. ನನ್ನ ಅಪ್ಪ ಎತ್ತಿನ ಹೆಗಲಲ್ಲಿ ಕಂಡುಕೊಳ್ಳುತ್ತಿದ್ದುದೂ ಇದೇ ಅಲ್ಲವೇ?

ಧೂಳಿನ ಮಾತಾಯಿತು, ನೀರಿನ ಮಾತು ಬೇರೆಯೇ ಇದೆ. ನಮ್ಮ ಬೋರಿನ ನೀರು ಗಡಸು. ಅನ್ನ ಬೇಯಿಸುವ ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ಸುಣ್ಣವೇ ಗಾಡಿಯ ಮೇಲೂ ಕೂರುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಲ್ಲಿ ಕೈ ಇಡಲಾಗದ ಬಾನೆಟ್ ಮೇಲೆ ಆ ನೀರು ಬಿದ್ದರೆ ನಿಮಿಷದಲ್ಲಿ ಆರಿ, ಒಂದೊಂದು ಹನಿಯೂ ಒಂದೊಂದು ಬಿಳಿ ಉಂಗುರ ಬಿಟ್ಟು ಹೋಗುತ್ತದೆ. ದಿನ ಕಳೆದರೆ ಅದು ಕ್ಲಿಯರ್ ಕೋಟ್‌ನೊಳಗೆ ಕೊರೆದುಕೊಳ್ಳುತ್ತದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟದ ಅಂಚಿಗೆ ಗಾಡಿ ನಿಲ್ಲಿಸಿದರೆ ಮೈಲುತುತ್ತು–ಸುಣ್ಣದ ಸಿಂಪಡಣೆ ಗಾಳಿಗೆ ಹಾರಿ ಬಂದು ನೀಲಿ ಚುಕ್ಕೆ ಇಡುತ್ತದೆ. ಖಂಡೇನವಮಿಗೆ ಹಚ್ಚಿದ ಅರಿಷಿಣ ಕುಂಕುಮ ಬಿಳಿ ಗಾಡಿಯ ಮೇಲೆ ಎರಡು ದಿನ ಉಳಿದರೆ ಕಲೆಯಾಗಿ ಕೂರುತ್ತದೆ. ಇವು ಒಂದೊಂದಕ್ಕೂ ಬೇರೆ ಬೇರೆ ಉಪಾಯ ಬೇಕು. ಸುಣ್ಣದ ಕಲೆಗೆ ಸೌಮ್ಯವಾದ ಹುಳಿ, ಜಿಡ್ಡಿಗೆ ಕ್ಷಾರ, ಬಣ್ಣಕ್ಕೆ ಇನ್ನೊಂದು. ಯಾವುದನ್ನು ಎಲ್ಲಿ, ಎಷ್ಟು ಹೊತ್ತು ಬಿಡಬೇಕೆಂದು ತಿಳಿಯದವನು ಎಲ್ಲಕ್ಕೂ ಒಂದೇ ಡಬ್ಬಿಯ ಸೋಪು ಹಾಕುತ್ತಾನೆ, ಅದಕ್ಕೂ ಬಗ್ಗದಿದ್ದರೆ ಆಸಿಡ್.

ಈ ಆಸಿಡ್ಡಿನ ಬಗ್ಗೆ ಮೆಲ್ಲಗೆ ಮಾತಾಡಲು ನನ್ನಿಂದಾಗುವುದಿಲ್ಲ. ಗಾಜಿನ ಮೇಲಿನ ಬಿಳಿ ಕಲೆ ತೆಗೆಯಲು, ಅಲಾಯ್ ಚಕ್ರ ಹೊಳೆಸಲು ಚೀಟಿ ಕೂಡ ಅಂಟಿಸದ ಕ್ಯಾನುಗಳು ಬರುತ್ತವೆ. ಒಳಗೆ ಏನಿದೆ ಎಂದು ತಂದವನಿಗೂ ಗೊತ್ತಿಲ್ಲ, ಬಳಸುವವನಿಗೂ ಗೊತ್ತಿಲ್ಲ. ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೋ, ಅದನ್ನು ಹುಟ್ಟಿಸುವ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ಉಳಿದ ಆಸಿಡ್ ತಾಗಿದರೆ ತಕ್ಷಣ ಉರಿಯುತ್ತದೆ, ಕೈ ಹಿಂದೆಳೆಯುತ್ತೇವೆ. ತೆಳು ಹೈಡ್ರೋಫ್ಲೋರಿಕ್ ಹಾಗಲ್ಲ. ಮೊದಲ ಕೆಲವು ತಾಸು ನೋವೇ ಇರದಿರಬಹುದು. ಅಷ್ಟರಲ್ಲಿ ಅದು ಚರ್ಮ ದಾಟಿ ಒಳಗಿಳಿದು ಮೈಯ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ಹೆಚ್ಚು ತಾಗಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಯಾವ ವಾಟರ್ ಸರ್ವಿಸಿಂಗ್‌ನ ಗೂಡಿನಲ್ಲಿದೆ? ಜೆಲ್ ಇರಲಿ, ರಬ್ಬರ್ ಕೈಗವಸಾದರೂ ಎಷ್ಟು ಹುಡುಗರ ಕೈಯಲ್ಲಿದೆ? ದಿನಕ್ಕೆ ಹತ್ತು ತಾಸು ನೀರಲ್ಲಿ ನಿಂತು ಬೆರಳ ಸಂದು ಕೊಳೆತ ಹುಡುಗರನ್ನು ನೋಡಿದ್ದೇನೆ. ಒಬ್ಬನ ಉಗುರುಗಳು ಹಳದಿಯಾಗಿ ಎದ್ದು ನಿಂತಿದ್ದವು. ಅವನಿಗೆ ಹದಿನಾರು ಇರಬಹುದು. ಕೇಳಿದ್ದಕ್ಕೆ "ರೂಢಿ ಆಗೈತ್ರಿ" ಎಂದ.

ಕಲಿಯುವುದೇನೂ ಇಲ್ಲದ ಕೆಲಸ ಎಂದು ಒಮ್ಮೆ ತೀರ್ಮಾನಿಸಿದರೆ ಆ ಕೆಲಸ ಎಲ್ಲರಿಗಿಂತ ಅಗ್ಗದ ಕೈಗೇ ಹೋಗುತ್ತದೆ. ಎಲ್ಲರಿಗಿಂತ ಅಗ್ಗದ ಕೈ ಸಣ್ಣ ಹುಡುಗನದು. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಡಬಾರದೆಂದು 2016ರ ಕಾಯ್ದೆ ತಿದ್ದುಪಡಿ ಹೇಳುತ್ತದೆ. 14ರಿಂದ 18ರ ಹುಡುಗರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದೆಂದೂ ಹೇಳುತ್ತದೆ. ಚೀಟಿಯಿಲ್ಲದ ಆಸಿಡ್ ಅಪಾಯವಲ್ಲದಿದ್ದರೆ ಅಪಾಯ ಎಂದರೆ ಯಾವುದು? ನಾವು ಚಹಾ ಕುಡಿಯುತ್ತ ಕಾಯುವಾಗ ನಮ್ಮ ಗಾಡಿಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿರುವವನ ವಯಸ್ಸೆಷ್ಟು ಎಂದು ನಾವೆಷ್ಟು ಜನ ಕೇಳಿದ್ದೇವೆ?

ನೀರಿನ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಬರ ಬಿದ್ದ 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯಬಾರದೆಂದು ಆದೇಶ ಮಾಡಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಆದೇಶ ಸರಿಯೇ. ಆದರೆ ಕಡಿಮೆ ನೀರಿನಲ್ಲಿ ತೊಳೆಯುವುದನ್ನು ಯಾರಿಗೆ ಹೇಗೆ ಕಲಿಸಬೇಕು ಎಂಬ ಮಾತು ಅದರ ಜೊತೆಗೆ ಏಳಲಿಲ್ಲ. ನಿಮಿಷಕ್ಕೆ ಹತ್ತು ಲೀಟರ್ ಬರುವ ಪೈಪನ್ನು ಹದಿನೈದು ನಿಮಿಷ ಬಿಟ್ಟರೆ 150 ಲೀಟರ್. ಎರಡು ಬಕೆಟ್ ಬಲ್ಲವನಿಗೆ ಅದರ ಮೂರನೇ ಒಂದು ಪಾಲೂ ಬೇಡ. ತೊಳೆದು ಜಾಲಿಸುವ ಅಗತ್ಯವಿಲ್ಲದ ದ್ರಾವಣ ಬಳಸಿದರೆ, ಹೆಚ್ಚು ಕೆಸರಿಲ್ಲದ ಗಾಡಿಗೆ ಒಂದು ಬಕೆಟ್ಟೇ ಸಾಕು. ವಿದ್ಯೆ ಕಡಿಮೆ ಇದ್ದಲ್ಲಿ ನೀರು ಹೆಚ್ಚು ಹರಿಯುತ್ತದೆ.

ನೀರಿನ ಬೆಲೆಯನ್ನು ವಿಜಯಪುರದವರಿಗೆ ಹೇಳಬೇಕೇ? 1620ರಲ್ಲಿ ತಾಜ್ ಬಾವಡಿ ಕಟ್ಟಿದ ಊರು ನಮ್ಮದು. ತೊರವಿಯ ಕಡೆಯಿಂದ ನೆಲದಡಿ ಸುರಂಗ ಕೊರೆದು ನೀರು ತಂದ ಊರು. ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಕೆರೆಗೆ ಬಿದ್ದ ದಿನ ಬಾಗಿನ ಹಿಡಿದು ಕಣ್ಣೀರು ಹಾಕಿದ ಹೆಂಗಸರು ನಮ್ಮ ತಾಯಂದಿರು. ಕೃಷ್ಣೆಯಿಂದ ಪಂಪು ಮಾಡಿ ಎತ್ತಿ ತಂದ ನೀರಿಗೆ ಡೀಸೆಲ್, ಗ್ರೀಸು, ಸೋಪು ಬೆರೆಸಿ ರಸ್ತೆ ಬದಿಯ ಗಟಾರಕ್ಕೆ ಬಿಡುವುದನ್ನು ನಾವು ದಿನವೂ ನೋಡುತ್ತೇವೆ. ಗಾಡಿಯ ಅಡಿಗೆ ಡೀಸೆಲ್ ಹೊಡೆಸುವ ರೂಢಿಯೊಂದಿದೆ, ತುಕ್ಕು ಹಿಡಿಯುವುದಿಲ್ಲವೆಂದು. ಅದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ಧೂಳನ್ನು ಇನ್ನಷ್ಟು ಹಿಡಿಯುತ್ತದೆ, ಮೊದಲ ಮಳೆಗೆ ಹೊಲಕ್ಕೆ ಇಳಿಯುತ್ತದೆ. ಕಲಿತವನಾಗಿದ್ದರೆ ಮಾಲೀಕನೇ ಕೇಳಿದರೂ "ಬ್ಯಾಡ್ರಿ" ಎನ್ನುತ್ತಿದ್ದ.

ಆ "ಬ್ಯಾಡ್ರಿ" ಎನ್ನುವ ಧೈರ್ಯವೇ ಈ ಉದ್ಯೋಗದ ಜೀವ. ಇದನ್ನು ಇನ್ನೊಂದು ಕಡೆಯವರಿಗೂ ಹೇಳಬೇಕಾಗಿದೆ. ತೊಳೆಯುವುದಕ್ಕೆ ಬೆಲೆಯಿಲ್ಲವೆಂದು ಕಂಡುಕೊಂಡ ಕೆಲವರು ಆ ಪದವನ್ನೇ ಕೈಬಿಟ್ಟು, ಮೇಲೆ ಬಿಳಿ ದೀಪಗಳ ಸಾಲು ಹಾಕಿ, ಸೆರಾಮಿಕ್ ಕೋಟಿಂಗ್ ಮಾರಲು ಕೂತಿದ್ದಾರೆ. "9ಎಚ್ ಗಟ್ಟಿ, ಕಲ್ಲು ಬಿದ್ರೂ ಗೀರು ಬೀಳಂಗಿಲ್ಲ" ಎನ್ನುತ್ತಾರೆ. 9ಎಚ್ ಎನ್ನುವುದು ಪೆನ್ಸಿಲ್ ಸೀಸದ ಗಡಸುತನದ ಅಳತೆ. ಪೆನ್ಸಿಲ್ ಗೀರಿದರೆ ಗುರುತು ಬೀಳುವುದಿಲ್ಲ ಎಂಬಷ್ಟೇ ಅದರ ಅರ್ಥ. ಕ್ರಷರಿನ ಕಲ್ಲಿಗೂ ಪೆನ್ಸಿಲಿಗೂ ಯಾವ ಹೋಲಿಕೆ? ಸೆರಾಮಿಕ್ ಲೇಪ ಒಳ್ಳೆಯದೇ. ನೀರು ನಿಲ್ಲುವುದಿಲ್ಲ, ಕೊಳೆ ಬೇಗ ಬಿಡುತ್ತದೆ, ಬಿಸಿಲಿಗೆ ಒಂದಿಷ್ಟು ತಡೆ. ಆದರೆ ಅದು ಕವಚವಲ್ಲ, ಜೀವಮಾನ ಬಾಳುವುದಿಲ್ಲ, ಕೆಳಗಿನ ಗೀರು ಸರಿಪಡಿಸದೆ ಹಚ್ಚಿದರೆ ಆ ಗೀರುಗಳನ್ನೇ ಮುಚ್ಚಿ ಇಟ್ಟಂತೆ. ಟ್ಯಾಕ್ಸಿ ಓಡಿಸುವವನಿಗೆ ಇಪ್ಪತ್ತೈದು ಸಾವಿರದ ಲೇಪ ಮಾರುವವನು, "ನಿನಗ ಇದು ಬ್ಯಾಡ, ತಿಂಗಳಿಗೊಮ್ಮೆ ಸರಿಯಾಗಿ ತೊಳಸು, ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚು" ಎಂದು ಹೇಳಲಾರದವನು, ಎಷ್ಟು ಸರ್ಟಿಫಿಕೇಟ್ ಗೋಡೆಗೆ ಹಾಕಿದರೂ ವೃತ್ತಿಪರನಲ್ಲ. ತೊಳೆಯುವುದು ಕೀಳು ಎಂಬ ಮಾತನ್ನು ಅವನೂ ಒಪ್ಪಿಕೊಂಡಿದ್ದಾನೆ, ಅದಕ್ಕೇ ಅದನ್ನು ಮುಚ್ಚಿಟ್ಟು ಡಬ್ಬಿ ಮಾರುತ್ತಿದ್ದಾನೆ.

"ಇವೆಲ್ಲ ಬೆಂಗಳೂರಿನ ಸಾಹುಕಾರರ ಶೋಕಿ, ನಮ್ಮಂಥವರಿಗೇಕೆ" ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ. ತಿರುಗಿ ಯೋಚಿಸಿ. ಸಾಹುಕಾರನಿಗೆ ಐದು ವರ್ಷಕ್ಕೊಂದು ಹೊಸ ಗಾಡಿ ಬರುತ್ತದೆ. ಕಬ್ಬಿನ ಬಿಲ್ಲಿಗೆ ಕಾದು, ಸೊಸೈಟಿಯ ಸಾಲಕ್ಕೆ ಸಹಿ ಹಾಕಿ ಬೊಲೆರೋ ಕೊಂಡವನಿಗೆ ಅದೇ ಗಾಡಿ ಹದಿನೈದು ವರ್ಷ ಬಾಳಬೇಕು, ಮಗಳ ಮದುವೆಗೂ ಆಸ್ಪತ್ರೆಗೂ ಮಾರ್ಕೆಟ್ಟಿಗೂ ಅದೇ ಓಡಬೇಕು, ಕೊನೆಗೆ ಮಾರುವಾಗ ನಾಲ್ಕು ಕಾಸು ಬರಬೇಕು. ಬಣ್ಣ ಎದ್ದು ತುಕ್ಕು ಹತ್ತಿದರೆ ನಷ್ಟ ಯಾರಿಗೆ? ಮೈ ಕಾಯುವ ವಿದ್ಯೆ ಹೆಚ್ಚು ಬೇಕಾದದ್ದು ಒಂದೇ ಗಾಡಿ ಇರುವವನಿಗೆ.

ನಮ್ಮ ಜಿಲ್ಲೆಯವರು ಈ ತಿರಸ್ಕಾರ ಇಟ್ಟುಕೊಳ್ಳಲು ಇನ್ನಷ್ಟು ನಾಚಬೇಕು. ಹನ್ನೆರಡನೆಯ ಶತಮಾನದಲ್ಲಿ ಬಟ್ಟೆ ಒಗೆಯುವ ಕಾಯಕ ಮಾಡಿ ಶರಣರ ಸಾಲಿನಲ್ಲಿ ವೀರಗಣಾಚಾರಿ ಎನಿಸಿದ ಮಡಿವಾಳ ಮಾಚಿದೇವರು ದೇವರ ಹಿಪ್ಪರಗಿಯವರು, ಈ ಜಿಲ್ಲೆಯವರು. ಅರಸನ ಮನೆಯ ಬಟ್ಟೆಯನ್ನು ನಿರಾಕರಿಸುವಷ್ಟು ಅವರಿಗೆ ತಮ್ಮ ಕಾಯಕದ ಮೇಲೆ ಅಭಿಮಾನವಿತ್ತೆಂದು ಕಥೆ ಕೇಳುತ್ತ ಬೆಳೆದವರು ನಾವು. ಪ್ರತಿ ಫೆಬ್ರುವರಿ 1ರಂದು ಸರ್ಕಾರಿ ಕಚೇರಿಗಳಲ್ಲಿ ಅವರ ಜಯಂತಿ ನಡೆಯುತ್ತದೆ, ಭಾಷಣಗಳಾಗುತ್ತವೆ. ಭಾಷಣ ಮಾಡಿದವರ ಗಾಡಿಯನ್ನು ಅದೇ ಮುಂಜಾನೆ ಯಾರೋ ಒಬ್ಬ ಹುಡುಗ ತಣ್ಣೀರಲ್ಲಿ ನಿಂತು ತೊಳೆದಿರುತ್ತಾನೆ. ಅವನ ಕಾಯಕಕ್ಕೆ ಆ ಸಭೆಯಲ್ಲಿ ಒಂದು ಮಾತೂ ಇಲ್ಲ. ಮಾಚಿದೇವರನ್ನು ಪೂಜಿಸಿ ತೊಳೆಯುವವನನ್ನು ಹಳಿಯುವ ಮನಸ್ಸಿಗೆ ಯಾವ ಹೆಸರಿಡಬೇಕು?

ಸರ್ಕಾರದ ಪಟ್ಟಿಗಳಲ್ಲೂ ಇದೇ ಕಥೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರ, ದೋಬಿ, ಕ್ಷೌರಿಕ, ಹೂಮಾಲೆ ಕಟ್ಟುವವರು. ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಜಾಮೀನಿಲ್ಲದೆ ಶೇಕಡಾ 5ರ ಬಡ್ಡಿಯಲ್ಲಿ ಎರಡು ಕಂತಿನ 3 ಲಕ್ಷದವರೆಗೆ ಸಾಲ. ಒಳ್ಳೆಯ ಯೋಜನೆ. ಕೈಯಿಂದ, ಸಲಕರಣೆಯಿಂದ, ಗುರುವಿನ ಹತ್ತಿರ ನಿಂತು ಕಲಿಯುವ ಕಸುಬುಗಳಿಗೆಂದೇ ಅದು ಬಂದಿದೆ. ಗಾಡಿ ತೊಳೆದು ಪಾಲಿಶ್ ಮಾಡುವವನು ಕಲಿಯುವುದೂ ಹಾಗೆಯೇ. ಆ ಹದಿನೆಂಟರಲ್ಲಿ ಅವನಿಲ್ಲ. ಐಟಿಐಗಳಲ್ಲಿ ಬಾಡಿ ರಿಪೇರಿಗೂ ಬಾಡಿ ಪೇಂಟಿಂಗಿಗೂ ವೃತ್ತಿ ವಿಭಾಗಗಳಿವೆ. ಗಾಡಿ ಜಜ್ಜಿದ ಮೇಲೆ ಬಡಿಯುವುದು ವಿದ್ಯೆ, ಬಣ್ಣ ಹೋದ ಮೇಲೆ ಬಳಿಯುವುದು ವಿದ್ಯೆ, ಇದ್ದ ಬಣ್ಣ ಹೋಗದಂತೆ ಕಾಯುವುದು ಮಾತ್ರ ವಿದ್ಯೆಯಲ್ಲವೇ?

ಇನ್ನು ಸಾಕು. ಆ ಹದಿನೆಂಟು ಹತ್ತೊಂಬತ್ತಾಗಲಿ. ವಿಜಯಪುರದ ಐಟಿಐನಲ್ಲಿ ಇದಕ್ಕೆಂದೇ ಆರು ತಿಂಗಳ ಒಂದು ಕೋರ್ಸ್ ಬರಲಿ. ಬಣ್ಣದ ಪದರ, ನೀರಿನ ಗಡಸುತನ, ಯಾವ ದ್ರಾವಣ ಎಲ್ಲಿಗೆ ಎಂಬ ಮೂರನ್ನು ಕನ್ನಡದಲ್ಲಿ, ನಮ್ಮ ಎರೆಮಣ್ಣಿನ ಗಾಡಿಗಳನ್ನೇ ಮುಂದಿಟ್ಟು ಕಲಿಸಲಿ. ವಾಟರ್ ಸರ್ವಿಸಿಂಗ್‌ಗೆ ಪರವಾನಗಿ ಕೊಡುವ ಪಂಚಾಯತಿ, ನಗರಸಭೆ, ಪಾಲಿಕೆಗಳು ಎಣ್ಣೆ ಬೇರ್ಪಡಿಸುವ ಗುಂಡಿ ಮತ್ತು ನೀರು ಕೂಡಿಸಿ ಮರುಬಳಸುವ ತೊಟ್ಟಿ ಇಲ್ಲದೆ ಒಂದು ಕಾಗದಕ್ಕೂ ಸಹಿ ಹಾಕದಿರಲಿ. ಚೀಟಿಯಿಲ್ಲದ ಕ್ಯಾನು ಮಾರುವವನ ಅಂಗಡಿಗೆ ಬೀಗ ಬೀಳಲಿ. ವಾಟರ್ ಸರ್ವಿಸಿಂಗ್ ಇಟ್ಟುಕೊಂಡ ಮಾಲೀಕರೇ, ನಿಮ್ಮ ಪಂಪಿಗೆ ಖಂಡೇನವಮಿ ದಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೀರಿ. ಆ ಪಂಪು ಹಿಡಿಯುವ ಕೈಗೆ ಅದೇ ದಿನ ಗವಸು, ಕಾಲಿಗೆ ಗಮ್ ಬೂಟು, ಕಣ್ಣಿಗೆ ಕನ್ನಡಕ ತೊಡಿಸಿ. ಅದು ಉಪಕಾರವಲ್ಲ, ನೀವು ಕೊಡಬೇಕಾದ ಬಾಕಿ.

ಗಾಡಿ ಇದ್ದವರಿಗೂ ಹೇಳುತ್ತೇನೆ. ಮುನ್ನೂರಕ್ಕೆ ಅರ್ಧ ತಾಸಿನಲ್ಲಿ ಮುಗಿಸಿ ಎಂದು ಅವಸರ ಮಾಡಬೇಡಿ. ಎರಡು ತಾಸು ಬೇಕು ಎಂದರೆ ಎರಡು ತಾಸು ಕೊಡಿ, ಕೇಳಿದ ದುಡ್ಡು ಕೊಡಿ. ಬಕೆಟ್ ಎಷ್ಟಿವೆ ಎಂದು ಕೇಳಿ, ಬಟ್ಟೆ ತೋರಿಸು ಎನ್ನಿ, ಆಸಿಡ್ ಹಾಕಿದರೆ ಗಾಡಿ ವಾಪಸು ಒಯ್ಯುತ್ತೇನೆ ಎನ್ನಿ. ಹದಿನಾರರ ಹುಡುಗ ಚಕ್ರದ ಮುಂದೆ ಕೂತರೆ ಎಬ್ಬಿಸಿ ಮಾಲೀಕನನ್ನು ಕರೆಯಿರಿ. ಮಾಸ್ತರರೇ, ಆ ಬೆದರಿಕೆಯ ಮಾತನ್ನು ಇವತ್ತೇ ನಿಲ್ಲಿಸಿ.

ಆ ದಿನದ ಸಂಬಂಧ ಕೂಡಿ ಬರಲಿಲ್ಲ. ಬರುವ ತಿಂಗಳು ಇನ್ನೊಂದು ಊರಿಗೆ ಹೋಗುವುದಿದೆ, ಅದೇ ಕ್ರೂಸರ್, ಅದೇ ಹಿರಿಯರು. ಅವರಿಗೆ ಈಗಲೇ ಹೇಳಿ ಇಟ್ಟಿದ್ದೇನೆ, ಹುಡುಗ ಏನು ಮಾಡುತ್ತಾನೆಂದು ಕೇಳಿದರೆ ಉತ್ತರ ನನ್ನದು ಎಂದು. "ಗಾಡಿ ತೊಳೀತಾನ್ರಿ. ಏಳು ವರ್ಷ ಆತು. ಪುಣೆಯಾಗ ಕಲ್ತು ಬಂದಾನ, ಇಬ್ಬರಿಗೆ ಕಲಸಾಕತ್ತಾನ." ಆ ಮನೆಯ ಅಂಗಳದಲ್ಲಿ ಕಾರು ನಿಂತಿದ್ದರೆ ಯಜಮಾನರನ್ನು ಕೈ ಹಿಡಿದು ಬಿಸಿಲಿಗೆ ಕರೆದೊಯ್ದು, ಬಾನೆಟ್ ಮೇಲಿನ ಬಲೆ ತೋರಿಸಿಯೇ ಮಾತು ಶುರು ಮಾಡುತ್ತೇನೆ.